ಎಲ್ಲ ಕುಸಿತಗಳೂ ಒಂದೇ ಅಲ್ಲ



2021ರ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಮಾತಿನಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗ ದಿನಪತ್ರಿಕೆಯನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಒಂದು ಪುಟದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇನ್ನೊಂದರಲ್ಲಿ ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿತ, ವಾಣಿಜ್ಯ ಪುಟದಲ್ಲಿ ಆರ್ಥಿಕ ಕುಸಿತ. ಹುಡುಗ ತಲೆಯೆತ್ತಿ, "ಅಜ್ಜ, ಎಲ್ಲಾ ಕಡೆಯೂ ಕುಸಿತವೇ ಅಲ್ವಾ? ಇವೆಲ್ಲ ಒಂದೇನಾ?" ಎಂದು ಕೇಳಿದ.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಉತ್ತರ ಸುಲಭವೆನಿಸಿತು. ಇಂಗ್ಲಿಷಿನಲ್ಲಿ 'ಡಿಪ್ರೆಶನ್' ಎಂಬ ಒಂದು ಪದವಿದೆ. ಕೆಳಕ್ಕೆ ಒತ್ತುವುದು ಎಂಬ ಅರ್ಥದ ಲತೀನ್ ಮೂಲದಿಂದ ಬಂದ ಆ ಪದವನ್ನು ಹವಾಮಾನ ತಜ್ಞರು, ಭೂಗೋಳ ಬಲ್ಲವರು, ಅರ್ಥಶಾಸ್ತ್ರಜ್ಞರು, ಮನೋವೈದ್ಯರು ಎಲ್ಲರೂ ಬಳಸುತ್ತಾರೆ. ನಾವು ಕನ್ನಡದಲ್ಲಿ ಅದನ್ನು ಬಿಡಿಸಿ ವಾಯುಭಾರ ಕುಸಿತ, ತಗ್ಗು ಪ್ರದೇಶ, ಆರ್ಥಿಕ ಕುಸಿತ, ಖಿನ್ನತೆ ಎಂದು ನಾಲ್ಕು ಹೆಸರುಗಳಿಂದ ಕರೆಯುತ್ತೇವೆ. ಗುಡ್ಡ ಕುಸಿತ ಈ ಗುಂಪಿಗೆ ಸೇರಿದ್ದಲ್ಲ. ಕನ್ನಡದ ಕುಸಿತ ಎಂಬ ಮಾತು ಮಾತ್ರ ಅದನ್ನು ಇವುಗಳ ಜೊತೆ ನಿಲ್ಲಿಸುತ್ತದೆ. ಇಷ್ಟನ್ನು ವಿವರಿಸಿದೆ. ಹುಡುಗ ತೃಪ್ತನಾಗಿ ಎದ್ದು ಹೋದ.

ನಾನು ಮಾತ್ರ ತೃಪ್ತನಾಗಲಿಲ್ಲ. ಪದಗಳನ್ನು ಬಿಡಿಸಿ ಹೇಳಬಲ್ಲ ನಾನೇ, ಅದೇ ದಿನಗಳಲ್ಲಿ ನೆರೆಮನೆಯಲ್ಲಿ ಒಂದು ಕುಸಿತವನ್ನು ಇನ್ನೊಂದೆಂದು ತಿಳಿದು ತಪ್ಪು ಮಾಡಿದ್ದೆ. ಆ ತಪ್ಪಿನ ವಿಷಯವನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಕುಸಿತಗಳು ಒಂದೊಂದೂ ಏನೆಂಬುದನ್ನು ತಾವು ನನ್ನೊಡನೆ ನಿಧಾನವಾಗಿ ನೋಡಬೇಕೆಂದು ಕೋರುತ್ತೇನೆ. ನಾವು ಒಂದು ಸಂಕಟಕ್ಕೆ ಕೊಡುವ ಹೆಸರೇ ಅನೇಕ ಸಲ ಯಾರನ್ನು ದೂರಬೇಕು, ಯಾರಿಗೆ ಕೈನೀಡಬೇಕು ಎಂಬುದನ್ನು ನಿರ್ಧರಿಸಿಬಿಡುತ್ತದೆ.

ಗಾಳಿಯ ಕುಸಿತ

ಗಾಳಿಗೂ ಭಾರವಿದೆ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ಎಂಬ ವಿಜ್ಞಾನಿಯ ಪ್ರಯೋಗವೊಂದು ಆ ಭಾರವನ್ನು ಅಳೆಯುವ ದಾರಿ ತೋರಿಸಿತು. ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಸಮುದ್ರಮಟ್ಟದಲ್ಲಿ ಅದು ಸುಮಾರು 760 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 1013 ಮಿಲಿಬಾರ್. ಬೆಚ್ಚಗಿನ ಸಮುದ್ರದ ಮೇಲಿನ ತೇವದ ಗಾಳಿ ಮೇಲೇರಿದಂತೆ ಅಲ್ಲಿ ಈ ಭಾರ ತಗ್ಗುತ್ತದೆ. ತಗ್ಗುವುದು ಕೆಲವೇ ಮಿಲಿಬಾರ್ ಇರಬಹುದು. ಆದರೆ ಅಷ್ಟಕ್ಕೇ ಸುತ್ತಲಿನ ಗಾಳಿ ಅತ್ತ ಧಾವಿಸುತ್ತದೆ. ಆ ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ನಮ್ಮ ಹವಾಮಾನ ಇಲಾಖೆ ಅದನ್ನು ವಾಯುಭಾರ ಕುಸಿತವೆಂದೂ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತವೆಂದೂ, 62ನ್ನು ಮುಟ್ಟಿದರೆ ಚಂಡಮಾರುತವೆಂದೂ ಕರೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮನಸ್ಸು ಕುಗ್ಗಿದವನು "ಎದೆಯ ಮೇಲೆ ಕಲ್ಲಿಟ್ಟ ಹಾಗಿದೆ" ಎನ್ನುತ್ತಾನೆ. ಅವನಿಗೆ ಭಾರ ಹೆಚ್ಚಾಗಿದೆ. ಗಾಳಿಯ ಕುಸಿತದಲ್ಲಾದರೋ ಭಾರ ಕಡಿಮೆಯಾಗಿದೆ. ಒಂದೇ ಇಂಗ್ಲಿಷ್ ಪದದೊಳಗೆ ಹೀಗೆ ಎರಡು ವಿರುದ್ಧ ಅರ್ಥಗಳು ಕುಳಿತಿವೆ. ಒಂದರ ಔಷಧ ಇನ್ನೊಂದಕ್ಕೆ ಒದಗಲಾರದೆಂಬ ಎಚ್ಚರಿಕೆ ಇಲ್ಲಿಂದಲೇ ಆರಂಭವಾಗಬೇಕು.

ಗಾಳಿಯ ಕುಸಿತ ಕೆಡುಕೇ ಎನ್ನಲೂ ಆಗದು. ಮುಂಗಾರಿನ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಒಳನಾಡಿನತ್ತ ಸಾಗುವ ವಾಯುಭಾರ ಕುಸಿತಗಳು ಮಧ್ಯ ಭಾರತದ ಹೊಲಗಳಿಗೆ ಮಳೆ ತರುತ್ತವೆ. ಅದೇ ಕುಸಿತ ಉಗ್ರವಾದಾಗ ಊರುಗಳು ನೆಲಕಚ್ಚುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಮನೆ, ರಸ್ತೆ, ತೆಂಗಿನ ಮರಗಳನ್ನು ಏನು ಮಾಡಿತೆಂಬುದನ್ನು ತಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ.

ಇದಕ್ಕೆ ಯಾರು ಹೊಣೆ? ಗಾಳಿ ಯಾರ ಪಾಪವನ್ನೂ ಲೆಕ್ಕ ಹಾಕಿ ಬೀಸುವುದಿಲ್ಲ. ಆದರೂ ಮನುಷ್ಯನ ಹೊಣೆ ಇಲ್ಲಿಗೆ ಮುಗಿಯುವುದಿಲ್ಲ. 1999ರ ಅಕ್ಟೋಬರಿನಲ್ಲಿ ಒಡಿಶಾದ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಬಲ ಚಂಡಮಾರುತ ಅದೇ ತೀರಕ್ಕೆ ಬಂದಿತು. ಆ ವೇಳೆಗೆ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಕೊಲ್ಲಿ ಅದೇ, ಗಾಳಿಯ ನಿಯಮವೂ ಅದೇ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಮನುಷ್ಯರು ಕಟ್ಟಿಕೊಂಡ ಎಚ್ಚರ ಮಾತ್ರ ಬೇರೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಓಖಿ ಎಂಬ ಕುಸಿತ ಒಂದೇ ದಿನದಲ್ಲಿ ಚಂಡಮಾರುತವಾಗಿ ಬೆಳೆದಾಗ, ಕನ್ಯಾಕುಮಾರಿ ಮತ್ತು ತಿರುವನಂತಪುರ ತೀರಗಳ ಅನೇಕ ಮೀನುಗಾರರು ಆಗಲೇ ಆಳಸಮುದ್ರದಲ್ಲಿದ್ದರು. ಎಚ್ಚರಿಕೆಯ ಮಾತು ಅವರ ದೋಣಿಗಳನ್ನು ತಲುಪುವ ದಾರಿಯಿರಲಿಲ್ಲ. ನೂರಾರು ಮಂದಿ ಮನೆಗೆ ಮರಳಲಿಲ್ಲ.

ಆದ್ದರಿಂದ ಗಾಳಿಯ ಕುಸಿತ ನಮ್ಮನ್ನು ಕೇಳುವ ಪ್ರಶ್ನೆ, ಯಾರು ತಪ್ಪು ಮಾಡಿದರು ಎಂಬುದಲ್ಲ. ಎಚ್ಚರಿಕೆ ಕಟ್ಟಕಡೆಯ ದೋಣಿಯವರೆಗೆ ಹೋಯಿತೇ ಎಂಬುದು.

ನೆಲದ ತಗ್ಗು

ನೆಲದ ತಗ್ಗಿನ ಮಾತೇ ಬೇರೆ. ಅದು ಸಂಭವಿಸುವ ವಿಪತ್ತಲ್ಲ, ಇರುವ ಸ್ಥಿತಿ. ನಮ್ಮ ತುಳುನಾಡಿನ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಎತ್ತರದ ಬೆಟ್ಟು ಗದ್ದೆ ಮಳೆಯನ್ನೇ ನಂಬಿ ವರ್ಷಕ್ಕೆ ಒಂದು ಬೆಳೆ ಕೊಡುತ್ತಿತ್ತು. ನಡುವಿನ ಮಜಲು ಎರಡು ಬೆಳೆ. ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಬೈಲು ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ಕೊಡಬಲ್ಲುದಾಗಿತ್ತು. ಮೇಲಿನಿಂದ ಹರಿದ ನೀರು, ಮೇಲಿನಿಂದ ತೊಳೆದು ಬಂದ ಮಣ್ಣು, ಎರಡೂ ಬೈಲಿನಲ್ಲೇ ಬಂದು ನಿಲ್ಲುತ್ತಿದ್ದವು. ತಗ್ಗಿನಲ್ಲಿರುವುದೇ ಆ ಗದ್ದೆಯ ಸಂಪತ್ತು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಕೆರೆ ಕಟ್ಟಿದವರೂ ಇದನ್ನೇ ಅರಿತಿದ್ದರು. ತಗ್ಗು ಹುಡುಕಿ ಏರಿ ಹಾಕಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ಅದಕ್ಕಿಂತ ತಗ್ಗಿನ ಇನ್ನೊಂದು ಕೆರೆಗೆ ಹೋಗುವಂತೆ ಸಾಲುಗಟ್ಟಿದರು.

ಆ ತಗ್ಗನ್ನು ನಾವು ಮರೆತಾಗ ಏನಾಗುತ್ತದೆಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಕಂಡಿತು. ಭಾರೀ ಮಳೆಗೆ ತಗ್ಗಿನ ಬಡಾವಣೆಗಳು ಮುಳುಗಿ, ಶ್ರೀಮಂತರ ಮನೆಗಳಿಂದಲೂ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಎಲ್ಲರೂ ಮಳೆಯನ್ನು ಶಪಿಸಿದರು. ನೀರಾದರೋ ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಕೆರೆಯಂಗಳವನ್ನೂ ರಾಜಕಾಲುವೆಯನ್ನೂ ಒತ್ತರಿಸಿಕೊಂಡವರು ನಾವು.

ನೆಲದ ತಗ್ಗುಗಳಲ್ಲೆಲ್ಲ ಅತ್ಯಂತ ಆಳವಾದುದು ಪವಿತ್ರ ನಾಡಿನಲ್ಲಿದೆ. ಜೋರ್ಡಾನ್ ಕಣಿವೆಯ ಕೊನೆಯಲ್ಲಿರುವ ಮೃತ ಸಮುದ್ರದ ನೀರಿನ ಮಟ್ಟ ಸಾಮಾನ್ಯ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗಿದೆ. ಅದಕ್ಕೆ ಹೊರಹರಿವು ಇಲ್ಲ. ಸೇರಿದ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ಆದುದರಿಂದ ಅದು ಸಾಗರದ ನೀರಿಗಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಉಪ್ಪು. ಇದರ ಬಗ್ಗೆ ಒಂದು ಪ್ರಸಿದ್ಧ ಹೋಲಿಕೆಯನ್ನು ತಾವು ಪ್ರಬೋಧನೆಗಳಲ್ಲಿ ಕೇಳಿರಬಹುದು: ಗಲಿಲೇಯ ಸರೋವರ ಪಡೆದುದನ್ನು ಕೊಡುತ್ತದೆ, ಆದುದರಿಂದ ಅದರಲ್ಲಿ ಮೀನುಗಳಿವೆ, ಮೃತ ಸಮುದ್ರ ಬರೀ ಪಡೆಯುತ್ತದೆ, ಆದುದರಿಂದ ಅದು ಸತ್ತಿದೆ. ನಾನೂ ಮಕ್ಕಳಿಗೆ ಈ ಪಾಠವನ್ನು ಹಲವು ವರ್ಷ ಹೇಳಿದ್ದೇನೆ. ಉದಾರತೆಯನ್ನು ಕಲಿಸಲು ಅದು ಸೊಗಸಾದ ಹೋಲಿಕೆಯೇ ಸರಿ.

ಆದರೆ ಈಗ ಯೋಚಿಸಿದರೆ, ಆ ಹೋಲಿಕೆ ಮೃತ ಸಮುದ್ರಕ್ಕೆ ಅನ್ಯಾಯ ಮಾಡುತ್ತದೆ ಎನಿಸುತ್ತದೆ. ಅದು ಜಿಪುಣತನದಿಂದ ನೀರನ್ನು ಹಿಡಿದಿಟ್ಟುಕೊಂಡಿಲ್ಲ. ಅದು ಇರುವ ಜಾಗವೇ ನೆಲದ ಮೇಲಿನ ಎಲ್ಲಕ್ಕಿಂತ ಕೆಳಗಿನ ಜಾಗ. ಅಲ್ಲಿಂದ ಹರಿದು ಹೋಗಲು ಅದಕ್ಕಿಂತ ತಗ್ಗು ಇನ್ನೊಂದಿಲ್ಲ. ನೀರು ಬೆಟ್ಟ ಹತ್ತಲಾರದು. ಕೊಡಲಾರದ ಸ್ಥಿತಿಯಲ್ಲಿರುವುದನ್ನು ಕೊಡಲೊಲ್ಲದು ಎಂದು ನಾವು ತೀರ್ಪು ಕೊಟ್ಟುಬಿಟ್ಟೆವು. ಇಂಥ ತೀರ್ಪನ್ನು ಸರೋವರಕ್ಕೆ ಕೊಟ್ಟರೆ ನಷ್ಟವಿಲ್ಲ, ಅದಕ್ಕೆ ಕಿವಿಯಿಲ್ಲ. ಕಿವಿಯುಳ್ಳ ಮನುಷ್ಯರಿಗೂ ನಾವು ಇದೇ ತೀರ್ಪನ್ನು ಕೊಡುತ್ತಿರುತ್ತೇವೆ ಎಂಬುದೇ ದುಃಖದ ಸಂಗತಿ.

ಹಣದ ಕುಸಿತ

ಅಮೆರಿಕದಲ್ಲಿ 1873, 1907ರಂತಹ ಆರ್ಥಿಕ ವಿಪತ್ತುಗಳನ್ನು ಜನರು 'ಪ್ಯಾನಿಕ್' ಎಂದು, ಎಂದರೆ ದಿಗಿಲು ಎಂದು ಕರೆಯುತ್ತಿದ್ದರು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಮುರಿದುಬಿದ್ದ ನಂತರದ ವರ್ಷಗಳಿಗೆ 'ಡಿಪ್ರೆಶನ್' ಎಂಬ ಹೆಸರು ನಿಂತಿತು. ದಿಗಿಲಿಗೆ ಹೋಲಿಸಿದರೆ ಅದು ಮೆತ್ತನೆಯ ಪದ. ದಾರಿಯಲ್ಲಿ ಒಂದು ತಗ್ಗು ಬಂದಿದೆ, ದಾಟಿದರಾಯಿತು ಎಂಬಂತೆ. ಆದರೆ ಆ ಹತ್ತು ವರ್ಷಗಳ ಅನುಭವ ಎಷ್ಟು ಕಹಿಯಾಗಿತ್ತೆಂದರೆ, ಮುಂದೆ ಆ ಪದವನ್ನು ಉಚ್ಚರಿಸಲೂ ಅಂಜಿ 'ರಿಸೆಶನ್', ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಹಿಂಜರಿತ, ಎಂಬ ಇನ್ನೊಂದು ಪದ ರೂಢಿಗೆ ಬಂದಿತು.

ಈ ಕುಸಿತ ನಡೆಯುವ ರೀತಿಯನ್ನು ಗಮನಿಸಿ. ಬ್ಯಾಂಕು ಮುಳುಗೀತೆಂದು ಹೆದರಿ ಒಬ್ಬ ತನ್ನ ಹಣವನ್ನು ಹಿಂಪಡೆಯುತ್ತಾನೆ. ತನ್ನ ಸಂಸಾರದ ದೃಷ್ಟಿಯಿಂದ ಅವನು ಮಾಡಿದ್ದು ಸರಿ. ಅವನನ್ನು ನೋಡಿ ನೂರು ಜನ ಹಾಗೆಯೇ ಮಾಡಿದರೆ ಗಟ್ಟಿಯಾಗಿದ್ದ ಬ್ಯಾಂಕೂ ಮುಳುಗುತ್ತದೆ. ಕಾಲ ಕೆಟ್ಟಿದೆಯೆಂದು ಗೃಹಿಣಿ ಹೊಸ ಬಟ್ಟೆ ಕೊಳ್ಳುವುದನ್ನು ನಿಲ್ಲಿಸುತ್ತಾಳೆ. ಅಂಗಡಿಯವನು ಸರಕು ತರಿಸುವುದನ್ನು ನಿಲ್ಲಿಸುತ್ತಾನೆ. ಗಿರಣಿಯ ಯಜಮಾನ ಆಳುಗಳನ್ನು ಬಿಡಿಸುತ್ತಾನೆ. ಕೆಲಸ ಹೋದವನ ಮನೆಯಲ್ಲಿ ಖರ್ಚು ಮತ್ತೂ ನಿಲ್ಲುತ್ತದೆ. ಪ್ರತಿಯೊಬ್ಬನೂ ಜಾಣತನದಿಂದ ನಡೆದುಕೊಂಡಿದ್ದಾನೆ. ಎಲ್ಲರ ಜಾಣತನ ಸೇರಿ ಎಲ್ಲರ ಸರ್ವನಾಶ ಸಿದ್ಧವಾಗಿದೆ. ಬೇಡಿಕೆ ಸತ್ತರೆ ದುಡಿಯುವ ಕೈಗಳು ಸುಮ್ಮನೆ ಕುಳಿತಿರಬೇಕಾಗುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ವಿವರಿಸಿದ. 1933ರ ವೇಳೆಗೆ ಅಮೆರಿಕದಲ್ಲಿ ದುಡಿಯಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಸುಮಾರು ಒಂಬತ್ತು ಸಾವಿರ ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು.

ನಮ್ಮ ದೇಶದ ರೈತನೂ ಅದರ ಬಿಸಿಯಿಂದ ಪಾರಾಗಲಿಲ್ಲ. ಬೆಳೆಯ ಬೆಲೆ ಸುಮಾರು ಅರ್ಧಕ್ಕೆ ಇಳಿದರೂ ಕಂದಾಯ ಮತ್ತು ಸಾಲದ ಮೊತ್ತ ಇಳಿಯಲಿಲ್ಲ. 1931ರ ನಂತರ ಹಳ್ಳಿಯ ಹೆಂಗಸರ ಮೈಮೇಲಿನ ಬಂಗಾರ ಮಾರಾಟವಾಗಿ ಹಡಗುಗಳಲ್ಲಿ ಪರದೇಶಕ್ಕೆ ಸಾಗಿತು. ಬ್ರೆಜಿಲ್ ದೇಶದಲ್ಲಿ ಕೊಳ್ಳುವವರಿಲ್ಲದೆ ಕಾಫಿ ಬೀಜವನ್ನು ಸುಟ್ಟುಹಾಕಿದರು. ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರೂ ಬೆಲೆಯಿಲ್ಲದೆ ತತ್ತರಿಸಿದರು. 1935ರಲ್ಲಿ ಕಾಫಿ ಸುಂಕದ ಕಾಯ್ದೆಯೂ, 1942ರ ಕಾಯ್ದೆಯ ಮೂಲಕ ಕಾಫಿ ಮಂಡಳಿಯೂ ಬಂದುದರ ಹಿಂದೆ ಇಂಥ ಮಾರುಕಟ್ಟೆಯ ಸಂಕಟಗಳೇ ಇದ್ದವು.

ಗಾಳಿ ತಗ್ಗಿನತ್ತ ಹರಿಯುತ್ತದೆ, ನೀರು ತಗ್ಗಿನತ್ತ ಹರಿಯುತ್ತದೆ. ಹೆದರಿದ ಹಣ ಮಾತ್ರ ತಗ್ಗನ್ನು ಬಿಟ್ಟು ಓಡುತ್ತದೆ. ಯಾರಿಗೆ ಸಾಲ ಅತ್ಯಗತ್ಯವೋ ಅವನಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಈ ತಗ್ಗು ತಾನಾಗಿಯೇ ಬೇಗ ತುಂಬುವುದಿಲ್ಲ. ಇನ್ನಷ್ಟು ಆಳವಾಗುತ್ತಾ ಹೋಗುತ್ತದೆ. ಇದನ್ನು ಪ್ರಕೃತಿಯ ನಿಯಮವೆಂದು ಕೈಕಟ್ಟಿ ಕೂರುವುದೂ ತಪ್ಪು, ಕೆಲಸ ಕಳೆದುಕೊಂಡವನನ್ನೇ ಸೋಮಾರಿ ಎಂದು ಜರೆಯುವುದೂ ತಪ್ಪು. ಮನುಷ್ಯರು ಕೂಡಿ ಮಾಡಿದ್ದನ್ನು ಮನುಷ್ಯರು ಕೂಡಿಯೇ ಸರಿಪಡಿಸಬೇಕು. 1933ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ಬ್ಯಾಂಕುಗಳಿಗೂ ಕೆಲವು ದಿನ ರಜೆ ಕೊಟ್ಟು, ರೇಡಿಯೋದಲ್ಲಿ ಜನರಿಗೆ ಸರಳವಾಗಿ ಸ್ಥಿತಿಯನ್ನು ವಿವರಿಸಿದರು. ಬ್ಯಾಂಕುಗಳು ಮತ್ತೆ ತೆರೆದಾಗ ಹಣ ಹಿಂಪಡೆದವರೇ ಅದನ್ನು ಮರಳಿ ಇಡಲು ಸಾಲುಗಟ್ಟಿದರು. ಅದೇ ವರ್ಷ ಅಲ್ಲಿ ಠೇವಣಿಗೆ ವಿಮೆಯ ಕಾಯ್ದೆಯೂ ಬಂದಿತು. ನಮ್ಮಲ್ಲಿ ಅಂಥ ವಿಮೆ 1962ರಲ್ಲಿ ಆರಂಭವಾಯಿತು. 2020ರಲ್ಲಿ ಅದರ ಮಿತಿಯನ್ನು ಐದು ಲಕ್ಷ ರೂಪಾಯಿಗೆ ಏರಿಸಲಾಯಿತು. ನಂಬಿಕೆ ಎಂಬುದು ದೇವಾಲಯದೊಳಗಿನ ಮಾತು ಮಾತ್ರವಲ್ಲ. ಪೇಟೆಯೂ ಅದರ ಮೇಲೆಯೇ ನಿಂತಿದೆ.

ಮನದ ಕುಸಿತ

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ನಮ್ಮ ನೆರೆಮನೆಯ ಯುವಕನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಹನ್ನೆರಡು ವರ್ಷ ಗಲ್ಫಿನಲ್ಲಿ ದುಡಿದವನು 2020ರಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ. ಮೊದಲ ಕೆಲವು ತಿಂಗಳು ಎಲ್ಲರೊಡನೆ ನಗುತ್ತಾ ಇದ್ದ. ಆಮೇಲೆ ಕ್ರಮೇಣ ಹೊರಗೆ ಬರುವುದನ್ನು ನಿಲ್ಲಿಸಿದ. ಭಾನುವಾರದ ಬಲಿಪೂಜೆಗೂ ಇಲ್ಲ, ಪೇಟೆಗೂ ಇಲ್ಲ. ಹಗಲೆಲ್ಲ ಕೋಣೆಯಲ್ಲಿ ಮಲಗಿರುತ್ತಾನೆ, ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಮನೆಯವರು ಹೇಳುತ್ತಿದ್ದರು.

ಹಿರಿಯನೆಂಬ ಹಕ್ಕಿನಿಂದ ನಾನು ಅವನ ಬಳಿಗೆ ಹೋದೆ. ಮೊದಲ ಸಲ, ಇದು ಮೋಡ, ಎರಡು ದಿನದಲ್ಲಿ ಚದುರಿಹೋಗುತ್ತದೆ ಎಂದೆ. ಎರಡನೆಯ ಸಲ, ಇಡೀ ಲೋಕದಲ್ಲೇ ಕೆಲಸವಿಲ್ಲ, ನೀನೊಬ್ಬನೇ ಏಕೆ ಕೊರಗಬೇಕು, ಯಾವುದಾದರೊಂದು ಕೆಲಸ ಹಿಡಿ ಎಂದೆ. ಮೂರನೆಯ ಸಲ ಸ್ವಲ್ಪ ಗದರಿಸಿ, ಎಲ್ಲರಿಂದಲೂ ಪಡೆಯುತ್ತಾ ಮಲಗಿದರೆ ಆಯಿತೇ, ಹೆಂಡತಿ ಮಕ್ಕಳಿಗೆ ನೀನೇನು ಕೊಡುತ್ತೀ, ಜಪಸರ ಹಿಡಿದು ಪ್ರಾರ್ಥಿಸಬಾರದೇ ಎಂದೆ. ಹೊರಗೆ ಬರುವಾಗ ಅವನ ಹೆಂಡತಿ ಗೇಟಿನವರೆಗೆ ಬಂದು ಮೆಲ್ಲನೆ ಹೇಳಿದಳು: "ಮಾಸ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಂದು ಹೋದ ದಿನ ಅವರು ಇನ್ನೂ ಮಾತು ಕಡಿಮೆ ಮಾಡ್ತಾರೆ."

ಆ ಮಾತು ನನ್ನನ್ನು ಚುಚ್ಚಿತು. ಆ ಸಂಜೆ ಕುಳಿತು ಯೋಚಿಸಿದಾಗ ನಾನು ಮಾಡಿದ್ದೇನೆಂದು ಹೊಳೆಯಿತು. ಮೊದಲ ಸಲ ಅವನ ಮನದ ಕುಸಿತವನ್ನು ಹವಾಮಾನವೆಂದು ತಿಳಿದೆ. ಅದರಿಂದ ಅವನ ನೋವು ಚಿಕ್ಕದಾಯಿತು. ಎರಡನೆಯ ಸಲ ಅದನ್ನು ಹಣದ ಲೆಕ್ಕವೆಂದು ತಿಳಿದೆ. ಅದರಿಂದ ಅವನೇ ಸಾಲಗಾರನಾದ. ಮೂರನೆಯ ಸಲ ಮೃತ ಸಮುದ್ರಕ್ಕೆ ಕೊಟ್ಟ ತೀರ್ಪನ್ನೇ ಅವನಿಗೂ ಕೊಟ್ಟೆ. ಗಾಯದ ಮೇಲೆ ಬರೆ ಎಳೆದಂತಾಯಿತು. ಅವನ ಕುಸಿತ ಈ ಮೂರೂ ಆಗಿರಲಿಲ್ಲ. ಅದು ಕಾಯಿಲೆಯಾಗಿತ್ತು.

ಹೌದು ಓದುಗರೇ, ಖಿನ್ನತೆ ಒಂದು ಕಾಯಿಲೆ. ಎರಡು ವಾರ ಅಥವಾ ಹೆಚ್ಚು ಕಾಲ, ದಿನದ ಬಹುಪಾಲು, ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ರುಚಿಯಿಲ್ಲದಿರುವುದು, ಅದರೊಡನೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳು ಕೆಡುವುದು, ತಾನು ಅಯೋಗ್ಯ ಎನಿಸುವುದು ಇದರ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಇದನ್ನು ಅನುಭವಿಸಿದವರು. ಎಂದರೆ ನಾವು ದೇವಾಲಯದಲ್ಲಿ ಮೊಣಕಾಲೂರುವ ಒಂದೆರಡು ಸಾಲುಗಳಲ್ಲೇ ಅಂಥವರೊಬ್ಬರು ಇರಬಹುದು. ಮಧುಮೇಹಿಗೆ ಔಷಧ ಬೇಡ, ಭಕ್ತಿ ಸಾಕು ಎಂದು ನಾವು ಹೇಳುವುದಿಲ್ಲ. ಮನಸ್ಸು ಕುಸಿದವನಿಗೆ ಮಾತ್ರ ಹಾಗೆ ಹೇಳಲು ಹಿಂಜರಿಯುವುದಿಲ್ಲ. ಪ್ರಾರ್ಥನೆ ಅವನಿಗೆ ಆಸರೆಯಾಗಬಹುದು. ಪ್ರಾರ್ಥಿಸಲಾಗದಷ್ಟು ಬಳಲಿದವನಿಗೆ ಅದನ್ನು ಪರೀಕ್ಷೆಯಾಗಿ ಒಡ್ಡುವುದು ಪ್ರಾರ್ಥನೆಗೂ ಅವಮಾನ, ಅವನಿಗೂ ಅವಮಾನ.

ಆ ಮನೆಗೆ ನಿಜವಾಗಿ ಒದಗಿದವರು ಹೆಚ್ಚು ಓದದ ಒಬ್ಬ ಹಿರಿಯರು. ಪ್ರತಿ ಸಂಜೆ ಬಂದು ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವನು ಹೊರಗೆ ಬಂದರೆ, "ಬಾ ಮಗಾ, ಕೂತ್ಕೋ" ಎನ್ನುತ್ತಿದ್ದರು. ಬಾರದಿದ್ದರೆ ಅರ್ಧ ಗಂಟೆ ಕುಳಿತು ಎದ್ದು ಹೋಗುತ್ತಿದ್ದರು. ಮೂರು ವಾರಗಳ ಮೇಲೆ ಒಂದು ದಿನ, "ಡಾಕ್ಟರ ಹತ್ರ ಹೋಗಿ ಬರುವ, ನಾನೂ ಬರ್ತೇನೆ" ಎಂದರು. ಅವರೂ ಅವನ ತಂಗಿಯೂ ಕೂಡಿ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಒಂದೇ ದಿನದಲ್ಲಿ ಏನೂ ಬದಲಾಗಲಿಲ್ಲ. ಔಷಧ, ಆಪ್ತಸಮಾಲೋಚನೆ, ಮತ್ತೆ ಔಷಧ. ಇಂದು ಅವನು ಪೇಟೆಯಲ್ಲಿ ಒಂದು ಚಿಕ್ಕ ಅಂಗಡಿ ನಡೆಸುತ್ತಾನೆ. ಕೆಟ್ಟ ದಿನಗಳು ಈಗಲೂ ಬರುತ್ತವೆಯಂತೆ. ಬಂದಾಗ ಬಾಯಿಬಿಟ್ಟು ಹೇಳುತ್ತಾನಂತೆ.

ಸುತ್ತುವವರು ಮತ್ತು ತಲುಪುವವರು

ಗಾಳಿಯ ಕುಸಿತದ ಒಂದು ಸಂಗತಿಯನ್ನು ನಾನು ಕೊನೆಗೆಂದು ಉಳಿಸಿಕೊಂಡಿದ್ದೆ. ಸುತ್ತಲಿನ ಗಾಳಿ ತಗ್ಗಿನತ್ತ ಧಾವಿಸುತ್ತದೆಂದೆನಲ್ಲವೇ? ಅದು ನೇರವಾಗಿ ನಡುವಿಗೆ ಹೋಗುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ಗಾಳಿಯ ದಾರಿ ಓರೆಯಾಗಿ, ನಮ್ಮ ಉತ್ತರ ಗೋಳಾರ್ಧದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಆ ತಗ್ಗಿನ ಸುತ್ತ ಸುತ್ತುತ್ತದೆ. ಎಷ್ಟು ಜೋರಾಗಿ ಸುತ್ತಿದರೂ ನಡುವಿನ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಕುಸಿದವನ ಮನೆಯ ಸುತ್ತ ನಾವೂ ಅನೇಕರು ಹೀಗೆಯೇ ಸುತ್ತುತ್ತೇವೆ. ಮಾತು, ಸಲಹೆ, ಮರುಕ, ಗುಸುಗುಸು; ಸದ್ದು ಬಹಳ, ನಡುವಿಗೆ ತಲುಪಿದವರು ವಿರಳ. ನಾನು ಸುತ್ತಿದವನು. ಆ ಹಿರಿಯರು ತಲುಪಿದವರು.

ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯೊಂದು ಇದೇ ಆಳದ ತಗ್ಗಿನ ದಾರಿಯಲ್ಲಿ ನಡೆಯುತ್ತದೆ. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ; ಮೃತ ಸಮುದ್ರದ ಸಮೀಪದ ಜೆರಿಕೋ ಸುಮಾರು 250 ಮೀಟರ್ ಕೆಳಗಿದೆ. ಮೂವತ್ತು ಕಿಲೋಮೀಟರೂ ಇಲ್ಲದ ದಾರಿಯಲ್ಲಿ ಒಂದು ಸಾವಿರ ಮೀಟರ್ ಇಳಿಜಾರು. ಆ ಇಳಿಜಾರಿನಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಕಥೆ ತಮಗೆಲ್ಲ ಬಾಯಿಪಾಠ. ಸಮಾರಿಯದವನು ಅವನನ್ನು ಯಾಕೆ ಬಿದ್ದೆ ಎಂದು ಕೇಳಲಿಲ್ಲ. ಒಂಟಿಯಾಗಿ ಈ ದಾರಿಯಲ್ಲಿ ಬರಬಾರದಿತ್ತು ಎಂದು ಬುದ್ಧಿ ಹೇಳಲಿಲ್ಲ. ಹತ್ತಿರ ಹೋದ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಎರಡು ನಾಣ್ಯ ಕೊಟ್ಟ, ಮರಳಿ ಬರುವೆನೆಂದ. ಎಲ್ಲವನ್ನೂ ತಾನೊಬ್ಬನೇ ಮಾಡಲು ಹೋಗದೆ ಛತ್ರದವನ ಕೈಗೂ ಒಪ್ಪಿಸಿದ ಎಂಬುದು ನನಗೆ ಇತ್ತೀಚೆಗೆ ಬಹಳ ಮುಖ್ಯವೆನಿಸುತ್ತದೆ. ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಪ್ರೀತಿಯ ಸೋಲಲ್ಲ. ಅದು ಪ್ರೀತಿಯ ಭಾಗ.

ಹೆದರಿದ ಹಣದಂತೆ ತಗ್ಗನ್ನು ಬಿಟ್ಟು ಓಡುವುದು ನಮಗೆ ಸುಲಭ. ನಗುವವರ ಮನೆಗೆ ಹೋಗುತ್ತೇವೆ, ಅಳುವವರ ಮನೆಯ ಮುಂದೆ ಹೆಜ್ಜೆ ಚುರುಕಾಗುತ್ತದೆ. ನೀರಿಗೆ ಆಯ್ಕೆಯಿಲ್ಲ, ಅದು ತಗ್ಗಿಗೆ ಹರಿಯಲೇಬೇಕು. ಮನುಷ್ಯನಿಗೆ ಆಯ್ಕೆಯಿದೆ. ಆದುದರಿಂದಲೇ ಅವನು ತಾನಾಗಿ ಇಳಿದು ಹೋದಾಗ ಅದಕ್ಕೆ ಪ್ರೀತಿ ಎಂದು ಹೆಸರು.

ತಮ್ಮಲ್ಲಿ ನನ್ನದೊಂದು ವಿನಂತಿ. ಕೆಲವು ವಾರಗಳಿಂದ ಕಾಣದಿರುವ ಮುಖವೊಂದನ್ನು ನೆನಪಿಸಿಕೊಳ್ಳಿ. ಮುಂದಿನ ಭಾನುವಾರ ದೇವಾಲಯದಿಂದ ಮರಳುವಾಗ ಆ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ. ಕಾರಣ ಹುಡುಕಬೇಡಿ, ಸಲಹೆ ಕೊಡಲು ಆತುರಪಡಬೇಡಿ. ವೈದ್ಯರ ಅಗತ್ಯ ಕಂಡರೆ ಜೊತೆಗೆ ಹೋಗಿ. ಬದುಕೇ ಬೇಡವೆಂಬ ಮಾತು ಕಿವಿಗೆ ಬಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಇದನ್ನು ಓದುತ್ತಿರುವ ತಾವೇ ಆ ತಗ್ಗಿನಲ್ಲಿದ್ದರೆ, ಅದು ತಮ್ಮ ತಪ್ಪಲ್ಲವೆಂದು ದಯವಿಟ್ಟು ತಿಳಿಯಿರಿ; ಮನೆಯ ಒಬ್ಬರಿಗಾದರೂ ಇಂದೇ ಹೇಳಿ.

ಮೊಮ್ಮಗನಿಗೆ ಅಂದು ನಾನು ಕೊಟ್ಟ ಉತ್ತರ ಅರ್ಧವೇ ಆಗಿತ್ತು. ಕಾಲೇಜು ಸೇರಿದ ಮೇಲೆ ಒಮ್ಮೆ ರಜೆಯಲ್ಲಿ ಬಂದಾಗ ಉಳಿದ ಅರ್ಧವನ್ನು ಹೇಳಿದೆ: "ಮಗಾ, ಎಲ್ಲ ಕುಸಿತವೂ ಒಂದೇ ಅಲ್ಲ. ಯಾರಾದರೂ ಕುಸಿದದ್ದು ಕಂಡರೆ, ಯಾವ ಕುಸಿತ ಎಂದು ಮೊದಲು ಅವರ ಹತ್ತಿರ ಕೂತು ಕೇಳಿಸಿಕೊ. ಆಮೇಲೆ ಮಾತಾಡು." ಈ ಪಾಠ ಕಲಿಯಲು ನನಗೆ ಎಪ್ಪತ್ತು ವರ್ಷ ಬೇಕಾಯಿತು. ತಮಗೂ ತಮ್ಮ ಮಕ್ಕಳಿಗೂ ಅಷ್ಟು ತಡವಾಗದಿರಲಿ.